ಹೈಬ್ರಿಡ್ಡೋ, ಪೂರ್ತಿ ಕೆತ್ತಿದ್ದೋ? ಡಬಲ್ ಬಾಸ್ ಆರಿಸುವವರಿಗೆ

ಡಬಲ್ ಬಾಸ್ ಕೊಳ್ಳಲು ಹೊರಟವರ ಮುಂದೆ ಅಂಗಡಿಯವರು ಮೂರು ಬಗೆಯ ವಾದ್ಯ ತಂದು ನಿಲ್ಲಿಸುತ್ತಾರೆ. ಮೊದಲನೆಯದು ಪೂರ್ತಿ ಪ್ಲೈವುಡ್‌ನದು. ಎರಡನೆಯದರಲ್ಲಿ ಮುಂದಿನ ಹಲಗೆಯನ್ನು ಗಟ್ಟಿ ಮರದಿಂದ ಕೆತ್ತಿ, ಬೆನ್ನು ಮತ್ತು ಪಕ್ಕಗಳನ್ನು ಪ್ಲೈನಲ್ಲಿ ಮಾಡಿರುತ್ತಾರೆ. ಇದೇ ಹೈಬ್ರಿಡ್. ಮೂರನೆಯದರಲ್ಲಿ ಎಲ್ಲವೂ ಗಟ್ಟಿ ಮರ, ಅಂಗಡಿಯ ಮಾತಿನಲ್ಲಿ ಫುಲ್ಲಿ ಕಾರ್ವ್ಡ್. ಹತ್ತಡಿ ದೂರ ನಿಂತು ನೋಡಿದರೆ ಮೂರೂ ಒಂದೇ ಥರ. ಬೆಲೆ ಕೇಳಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಹೊಸ ಪ್ಲೈ ಬಾಸ್ ಸುಮಾರು 2,000 ಡಾಲರ್‌ನಿಂದ, ಹೈಬ್ರಿಡ್ 3,000ದ ಆಚೀಚೆಯಿಂದ, ಪೂರ್ತಿ ಕೆತ್ತಿದ್ದು 5,000ದ ಆಸುಪಾಸಿನಿಂದ ಶುರುವಾಗುತ್ತದೆ. ಯೂರೋಪಿನ ನುರಿತ ಕುಶಲಕರ್ಮಿಯೊಬ್ಬರು ತಾವೇ ಕೂತು ಮಾಡಿದ ವಾದ್ಯವಾದರೆ 20,000 ದಾಟುವುದು ಮಾಮೂಲು.

ನಮ್ಮ ಮನೆಗಳಲ್ಲಿ ತೇಗದ ಮಂಚಕ್ಕಿರುವ ಮರ್ಯಾದೆ ಪ್ಲೈವುಡ್ ಮಂಚಕ್ಕಿಲ್ಲ. ಅದೇ ಅಳತೆಗೋಲನ್ನು ಹಿಡಿದು ವಾದ್ಯದ ಅಂಗಡಿಗೂ ಹೋಗುತ್ತೇವೆ: ಗಟ್ಟಿ ಮರ ಮೇಲು, ಪದರದ ಮರ ಕೀಳು, ಎರಡೂ ಬೆರೆತದ್ದು ಬರೀ ರಾಜಿ. ಪಿಟೀಲಿನ ಮಟ್ಟಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಡಬಲ್ ಬಾಸ್‌ಗೆ ಸರಿಹೋಗುವುದಿಲ್ಲ. ಇದು ಆಳಿಗಿಂತ ಎತ್ತರದ, ಹತ್ತು ಕಿಲೋ ಆಸುಪಾಸು ತೂಗುವ ವಾದ್ಯ. ಕಾರಿನ ಹಿಂದೆ ಮಲಗಿ, ಶಾಲೆಯ ಬಾಗಿಲಿಗೆ ತಗುಲಿ, ವೇದಿಕೆಯ ಮೆಟ್ಟಿಲು ಹತ್ತಿ ಇಳಿದು ಬಾಳಬೇಕಾದದ್ದು. ಆದ್ದರಿಂದ ಯಾವ ಮರ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ವಾದ್ಯ ಎಂಥ ಹವೆಯಲ್ಲಿರುತ್ತದೆ, ಕಮಾನಿನಿಂದ ನುಡಿಸುತ್ತೀರೋ ಬೆರಳಿನಿಂದ ಮೀಟುತ್ತೀರೋ, ಅದು ಕೆಟ್ಟರೆ ಸರಿಮಾಡುವವರು ಹತ್ತಿರದಲ್ಲಿದ್ದಾರೋ ಎಂಬ ಪ್ರಶ್ನೆಗಳು ಮೊದಲು ಬರುತ್ತವೆ. ಇವಕ್ಕೆ ಉತ್ತರ ಸಿಕ್ಕರೆ ಮರದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೆ ಈ ಪ್ರಶ್ನೆ ಎದುರಾಗುವುದು ಸಾಮಾನ್ಯವಾಗಿ ಮಕ್ಕಳಿಂದ. ಅಲ್ಲಿನ ಅನೇಕ ಶಾಲೆಗಳಲ್ಲಿ ನಾಲ್ಕರಿಂದ ಆರನೆಯ ತರಗತಿಯೊಳಗೆ ಮಗು ಆರ್ಕೆಸ್ಟ್ರಾ ಸೇರಿ ಒಂದು ವಾದ್ಯ ಆರಿಸಿಕೊಳ್ಳುತ್ತದೆ. ಡಬಲ್ ಬಾಸ್ ಬಸ್ಸಿನಲ್ಲಿ ಹೋಗಿಬರುವ ವಾದ್ಯವಲ್ಲ. ಹಾಗಾಗಿ ಶಾಲೆಯಲ್ಲಿ ಶಾಲೆಯದೇ ಒಂದು ಇದ್ದರೂ ಮನೆಯ ಅಭ್ಯಾಸಕ್ಕೆ ಇನ್ನೊಂದು ಬೇಕಾಗುತ್ತದೆ. ಚಿಕ್ಕವರಿದ್ದಾಗ ಕಾಲು ಅಳತೆ, ಅರ್ಧ ಅಳತೆಯ ವಾದ್ಯಗಳನ್ನು ಬಾಡಿಗೆಗೆ ತಂದರೆ ಸಾಕು. ಬೆಳೆಯುವ ಮಗುವಿಗೆ ಕೆತ್ತಿದ ಅರ್ಧ ಅಳತೆಯ ವಾದ್ಯ ಕೊಳ್ಳುವುದು, ನನ್ನ ಅಭಿಪ್ರಾಯದಲ್ಲಿ, ದುಂದು. ನಿಜವಾದ ಖರೀದಿ ಬರುವುದು ಮುಕ್ಕಾಲು ಅಳತೆಗೆ. ಹೆಸರು ಮುಕ್ಕಾಲು ಎಂದಿದ್ದರೂ ದೊಡ್ಡವರು, ವೃತ್ತಿಪರರು ಹೆಚ್ಚಾಗಿ ನುಡಿಸುವುದು ಇದನ್ನೇ. ನುಡಿಯುವ ತಂತಿಯ ಉದ್ದ 104ರಿಂದ 106 ಸೆಂಟಿಮೀಟರ್. ಹೈಸ್ಕೂಲಿಗೆ ಬರುವ ಹೊತ್ತಿಗೆ ಬಹುತೇಕ ಮಕ್ಕಳು ಈ ಅಳತೆಗೆ ಬಂದಿರುತ್ತಾರೆ.

ದನಿ ಹುಟ್ಟುವ ಬಗೆ

ತಂತಿ ತಾನಾಗಿ ದೊಡ್ಡ ದನಿ ಮಾಡುವುದಿಲ್ಲ. ಅದರ ಅಲುಗಾಟ ಕುದುರೆಯ (ಬ್ರಿಜ್‌ನ) ಮೂಲಕ ಮುಂದಿನ ಹಲಗೆಗೆ ಇಳಿಯುತ್ತದೆ. ಕುದುರೆಯ ಒಂದು ಪಾದದ ಕೆಳಗೆ, ಹಲಗೆಯ ಒಳಮೈಗೆ, ಉದ್ದನೆಯ ಒಂದು ಪಟ್ಟಿಯನ್ನು ಅಂಟಿಸಿರುತ್ತಾರೆ. ಅದು ಬಾಸ್ ಬಾರ್. ಇನ್ನೊಂದು ಪಾದದ ಹತ್ತಿರ ಮುಂದಿನ ಹಲಗೆಗೂ ಬೆನ್ನಿಗೂ ನಡುವೆ ಒಂದು ಗುಂಡುಕೋಲು ಬಿಗಿಯಾಗಿ ನಿಂತಿರುತ್ತದೆ. ಅದು ಸೌಂಡ್‌ಪೋಸ್ಟ್. ಅದನ್ನು ಅಂಟಿಸುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿಟ್ಟಿರುತ್ತದೆ. ನಾಲ್ಕು ಉಕ್ಕಿನ ತಂತಿಗಳ ಒಟ್ಟು ಎಳೆತ ನೂರು ಕಿಲೋ ದಾಟುತ್ತದೆ. ಈ ಭಾರವನ್ನು ಹೊರುತ್ತಲೇ ಮುಂದಿನ ಹಲಗೆ ಸಲೀಸಾಗಿ ಅಲುಗಬೇಕು. ವಾದ್ಯ ತಯಾರಕರ ಕಷ್ಟವೆಲ್ಲ ಇರುವುದು ಇಲ್ಲೇ: ತೀರಾ ದಪ್ಪ ಬಿಟ್ಟರೆ ಹಲಗೆ ಮೂಕಾಗುತ್ತದೆ, ತೀರಾ ತೆಳುವಾಗಿಸಿದರೆ ವರ್ಷಗಳಲ್ಲಿ ಕುದುರೆಯ ಕೆಳಗೆ ಕುಸಿಯುತ್ತದೆ.

ಮುಂದಿನ ಹಲಗೆಗೆ ಸ್ಪ್ರೂಸ್ ಮರ. ಹಗುರ, ಆದರೂ ಎಳೆಯ ಉದ್ದಕ್ಕೆ ಬಹಳ ಬಿಗಿ. ಅಡ್ಡಕ್ಕೆ ಆ ಬಿಗಿಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಉದ್ದಕ್ಕೆ ಒಂದು ಗುಣ, ಅಡ್ಡಕ್ಕೆ ಇನ್ನೊಂದು ಗುಣ ಇರುವ ಈ ಮರ ತಂತಿಯ ಬಲವನ್ನು ಹೊತ್ತೂ ಅಗಲಕ್ಕೆ ಉಸಿರಾಡಬಲ್ಲದು. ಕೆತ್ತುವವರು ದಪ್ಪ ಹಲಗೆಯಿಂದ ಉಳಿ ಮತ್ತು ಸಣ್ಣ ಉಜ್ಜುಗೊರಡುಗಳಲ್ಲಿ ಕಮಾನಿನಂಥ ಉಬ್ಬನ್ನು ತೆಗೆಯುತ್ತಾರೆ. ನಡುವೆ ಸುಮಾರು ಎಂಟರಿಂದ ಹತ್ತು ಮಿಲಿಮೀಟರ್ ಇಟ್ಟು ಅಂಚಿಗೆ ಹೋದಂತೆ ತೆಳುವಾಗಿಸುತ್ತಾರೆ. ಇಂದು ಅನೇಕ ಕಾರ್ಖಾನೆಗಳಲ್ಲಿ ಮೊದಲ ಒರಟು ಕೆತ್ತನೆಯನ್ನು ಕಂಪ್ಯೂಟರ್ ನಡೆಸುವ ಯಂತ್ರ ಮಾಡುತ್ತದೆ, ಕೊನೆಯ ಹದವನ್ನು ಕೈ ಮಾಡುತ್ತದೆ. ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಕೊನೆಯ ಆ ಒಂದೆರಡು ಮಿಲಿಮೀಟರ್‌ನಲ್ಲಿ ಯಾರ ಕೈ, ಯಾರ ಕಿವಿ ಕೆಲಸ ಮಾಡಿತು ಎಂಬುದು ಮುಖ್ಯ.

ಪ್ಲೈನಲ್ಲಿ ತೆಳು ಪದರಗಳನ್ನು ಎಳೆ ಅಡ್ಡಡ್ಡ ಬರುವಂತೆ ಒಂದರ ಮೇಲೊಂದು ಅಂಟಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಎಳೆಗಳು ಒಂದನ್ನೊಂದು ಹಿಡಿದಿರುವುದರಿಂದ ಅದು ಸೀಳುವುದಿಲ್ಲ. ಆದರೆ ಉದ್ದಕ್ಕೂ ಅಡ್ಡಕ್ಕೂ ಬಿಗಿ ಹೆಚ್ಚುಕಡಿಮೆ ಒಂದೇ ಆಗಿ, ಸ್ಪ್ರೂಸ್‌ನ ಆ ವಿಶೇಷ ಗುಣ ಕಳೆದುಹೋಗುತ್ತದೆ. ಪದರದ ನಡುವಿನ ಅಂಟು ಸೂಕ್ಷ್ಮವಾದ ಅಲುಗಾಟಗಳನ್ನು ನುಂಗುತ್ತದೆ.

ಈಗ ಹೈಬ್ರಿಡ್‌ನ ತರ್ಕ ಕಾಣುತ್ತದೆ. ದನಿಯ ಬಹುಪಾಲು ಕೆಲಸ ಮುಂದಿನ ಹಲಗೆಯದು, ಹಾಗಾಗಿ ಅದು ಕೆತ್ತಿದ ಸ್ಪ್ರೂಸ್. ಪೆಟ್ಟಿನ ಬಹುಪಾಲು ಬೀಳುವುದು ಪಕ್ಕಕ್ಕೆ ಮತ್ತು ಬೆನ್ನಿಗೆ, ಹಾಗಾಗಿ ಅವು ಸೀಳದ ಪ್ಲೈ. ಇದನ್ನು ರಾಜಿ ಎನ್ನುವುದಕ್ಕಿಂತ ಕೆಲಸದ ಹಂಚಿಕೆ ಎನ್ನುವುದು ಸರಿ. ಹಾಗೆಂದು ಬೆನ್ನಿಗೆ ದನಿಯಲ್ಲಿ ಪಾಲೇ ಇಲ್ಲ ಎಂದಲ್ಲ. ಸೌಂಡ್‌ಪೋಸ್ಟ್ ಮುಂದಿನ ಹಲಗೆಯ ಅಲುಗಾಟವನ್ನು ಅದಕ್ಕೂ ಮುಟ್ಟಿಸುತ್ತದೆ. ಒಳ್ಳೆಯ ಮೇಪಲ್ ಬೆನ್ನು ಆ ದನಿಗೆ ಒಂದು ಅಂಚು, ಒಂದು ಸ್ಪಷ್ಟತೆ ಕೊಡುತ್ತದೆ. ವಿಲೋ ಮರದ ಬೆನ್ನು ಹಾಕಿದ ವಾದ್ಯಗಳನ್ನು ವಾದಕರು ಹೆಚ್ಚು ಮೆತ್ತಗೆ, ಬೆಚ್ಚಗೆ ಎನ್ನುತ್ತಾರೆ. ಪ್ಲೈ ಬೆನ್ನು ಈ ಸೂಕ್ಷ್ಮಗಳನ್ನು ಕೊಡುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ವಾದ್ಯದ ಅತಿ ಮಂದ್ರದ ತಂತಿಯ ಶ್ರುತಿ ಸೆಕೆಂಡಿಗೆ ಸುಮಾರು 41 ಕಂಪನ. ಪೆಟ್ಟಿಗೆಯೊಳಗಿನ ಗಾಳಿಯೇ ಅನುರಣಿಸುವುದು 60ರ ಆಸುಪಾಸಿನಲ್ಲಿ. ಅಂದರೆ ಅತಿ ಕೆಳಗಿನ ಸ್ವರದ ಮೂಲ ಕಂಪನವನ್ನು ಯಾವ ಡಬಲ್ ಬಾಸೂ ಜೋರಾಗಿ ಹೊರಹಾಕಲಾರದು, ಪೆಟ್ಟಿಗೆ ಅದಕ್ಕೆ ತೀರಾ ಚಿಕ್ಕದು. ನಾವು ಕೇಳುವುದು ಹೆಚ್ಚಾಗಿ ಅದರ ಮೇಲಿನ ಹಾರ್ಮೋನಿಕ್ ಕಂಪನಗಳನ್ನು. ಮೂಲ ಸ್ವರವನ್ನು ಮಿದುಳು ಅವುಗಳಿಂದ ಕಟ್ಟಿಕೊಳ್ಳುತ್ತದೆ. ಆದ್ದರಿಂದಲೇ ‘ಗುಂ’ ಎನ್ನುವ ಆಳ ಎಷ್ಟಿದೆ ಎಂದು ಮಾತ್ರ ನೋಡಿ ವಾದ್ಯ ಆರಿಸುವುದು ತಪ್ಪು. ಸಭಾಂಗಣದ ಕೊನೆಯ ಸಾಲಿಗೆ ಸ್ವರ ತಲುಪುವುದು ಆ ಮೇಲಿನ ಕಂಪನಗಳ ಬಲದಿಂದ. ಕೆತ್ತಿದ ಹಲಗೆ ಹಣಕ್ಕೆ ಬೆಲೆ ತರುವುದು ಇಲ್ಲಿ.

ಕಮಾನು ಮತ್ತು ಬೆರಳು

1937ರಲ್ಲಿ ಷಿಕಾಗೋದ ಕೇ ಕಂಪನಿ ಪ್ಲೈ ಬಾಸ್‌ಗಳ ತಯಾರಿಕೆಗೆ ಇಳಿಯಿತು. 1960ರ ದಶಕದ ಕೊನೆಯವರೆಗೂ ಅವು ಅಮೆರಿಕದ ಶಾಲೆಗಳನ್ನೂ ಡ್ಯಾನ್ಸ್ ಬ್ಯಾಂಡ್‌ಗಳನ್ನೂ ತುಂಬಿದವು. ಎಲ್ವಿಸ್ ಪ್ರೆಸ್ಲಿಯ ಜೊತೆಗಾರ ಬಿಲ್ ಬ್ಲ್ಯಾಕ್ ನುಡಿಸುತ್ತಿದ್ದ ಬಾಸ್ ಕೇ ಕಂಪನಿಯದು. ಅದು ಈಗ ಪಾಲ್ ಮೆಕಾರ್ಟ್ನಿಯವರ ಬಳಿ ಇದೆ. ಬ್ಲೂಗ್ರಾಸ್ ಮತ್ತು ರಾಕಬಿಲಿ ಸಂಗೀತಗಾರರು ಇಂದಿಗೂ ಹಳೆಯ ಕೇ ವಾದ್ಯಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಬೆರಳಿನಿಂದ ಮೀಟಿದಾಗ ಅವು ಕೊಡುವ ಮೊಟಕಾದ, ತುಂಬಿದ ಏಟು ಆ ಸಂಗೀತಕ್ಕೆ ಹೇಳಿ ಮಾಡಿಸಿದಂತಿದೆ. ಪ್ಲೈ ಅಂದರೆ ಕೀಳು ಎನ್ನುವವರು ಮೊದಲು ಆ ಸಂಗೀತದ ಧ್ವನಿಮುದ್ರಿಕೆಗಳನ್ನು ಕಿವಿಗೊಟ್ಟು ಕೇಳಲಿ.

ಕಮಾನು ಹಿಡಿದಾಗ ಕಥೆ ಬೇರೆ. ಮೀಟುವುದು ಒಂದು ತಳ್ಳು, ಕ್ಷಣದಲ್ಲಿ ಮುಗಿಯುತ್ತದೆ. ಕಮಾನು ತಂತಿಯನ್ನು ಬಿಡದೆ ಹಿಡಿದು ಎಳೆಯುತ್ತದೆ, ಹಲಗೆಯಿಂದ ಬಿಡದೆ ಉತ್ತರ ಕೇಳುತ್ತದೆ. ಪ್ಲೈ ಮುಂಭಾಗದ ವಾದ್ಯದಲ್ಲಿ ಆ ಉತ್ತರ ತಡವಾಗಿ, ಮಂಕಾಗಿ ಬರುತ್ತದೆ. ಮೆತ್ತಗೆ ನುಡಿಸಿದರೆ ದನಿಯೇ ಹೊರಡದೆ ವಿದ್ಯಾರ್ಥಿ ಕಮಾನನ್ನು ಒತ್ತತೊಡಗುತ್ತಾನೆ. ಒತ್ತುವ ಆ ಚಾಳಿ ಒಮ್ಮೆ ಕೈಗೆ ಕೂತರೆ ಬಿಡಿಸಲು ಗುರುಗಳಿಗೆ ವರ್ಷ ಹಿಡಿಯುತ್ತದೆ. ಶಾಸ್ತ್ರೀಯ ಅಭ್ಯಾಸಕ್ಕೆ ಇಳಿದ ಮಗುವಿಗೆ ಕನಿಷ್ಠ ಮುಂದಿನ ಹಲಗೆಯಾದರೂ ಕೆತ್ತಿದ್ದಿರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಪ್ಲೈನಿಂದ ಹೈಬ್ರಿಡ್‌ಗೆ ಏರಿದಾಗ ಕಮಾನಿನ ಕೆಳಗೆ ಆಗುವ ಬದಲಾವಣೆ ದೊಡ್ಡದು, ಮೊದಲ ದಿನವೇ ಗೊತ್ತಾಗುವಂಥದ್ದು. ಹೈಬ್ರಿಡ್‌ನಿಂದ ಪೂರ್ತಿ ಕೆತ್ತಿದ್ದಕ್ಕೆ ಏರಿದಾಗ ಆಗುವುದು ಅದಕ್ಕಿಂತ ಸಣ್ಣದು. ಮೆತ್ತನೆಯ ದನಿಯಲ್ಲಿ ಇನ್ನಷ್ಟು ಬಣ್ಣ, ಹೆಬ್ಬೆರಳನ್ನೂ ತಂತಿಯ ಮೇಲಿಟ್ಟು ನುಡಿಸುವ ಎತ್ತರದ ಸ್ವರಗಳಲ್ಲಿ ಇನ್ನಷ್ಟು ಹಾಡುವಿಕೆ, ಜೋರಾಗಿ ನುಡಿಸಿದಾಗ ಒಡೆಯದೆ ಬೆಳೆಯುವ ಶಕ್ತಿ. ಇವನ್ನು ಕೇಳಿ ಗುರುತಿಸುವ ಕಿವಿ, ಹೊರತೆಗೆಯುವ ಕೈ ಬಂದ ಮೇಲೆ ಆ ಹೆಚ್ಚಿನ ಹಣ ಕೊಡುವುದಕ್ಕೆ ಅರ್ಥವಿದೆ.

ಜಾಝ್ ನುಡಿಸುವವರ ಸ್ಥಿತಿ ನಡುವಿನದು. ಸ್ವರ ಸ್ವಲ್ಪ ಹೊತ್ತು ನಿಲ್ಲಬೇಕು, ಆದರೆ ಡ್ರಮ್ಮಿನ ಪಕ್ಕದಲ್ಲಿ ಪಿಕಪ್ ಮತ್ತು ಆ್ಯಂಪ್ಲಿಫೈಯರ್ ಬೇಕೇ ಬೇಕು. ಸಲೀಸಾಗಿ ಅಲುಗುವ ಕೆತ್ತಿದ ವಾದ್ಯ ಸ್ಪೀಕರ್‌ನ ದನಿಗೂ ಸಲೀಸಾಗಿಯೇ ಅಲುಗಿ ಊಳಿಡತೊಡಗುತ್ತದೆ. ಬೆನ್ನು ಬಿಗಿಯಾಗಿರುವ ಹೈಬ್ರಿಡ್ ಈ ಕಾಟವನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಕ್ಲಬ್ಬು, ಮದುವೆ, ಬಯಲು ವೇದಿಕೆಗಳಲ್ಲಿ ನುಡಿಸುವವರಿಗೆ ಹೈಬ್ರಿಡ್ ಬಹಳ ಸಲ ಪೂರ್ತಿ ಕೆತ್ತಿದ್ದಕ್ಕಿಂತ ಒಳ್ಳೆಯ ವಾದ್ಯ. ಹಣ ಉಳಿಯುತ್ತದೆ ಎಂಬ ಕಾರಣಕ್ಕೆ ಹೇಳುತ್ತಿಲ್ಲ, ಆ ಕೆಲಸಕ್ಕೆ ಅದೇ ಹೊಂದುತ್ತದೆ.

ಹವೆ, ಬಿರುಕು, ಅಂಟು

ಮರ ಗಾಳಿಯ ತೇವವನ್ನು ಹೀರಿ ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಇದು ನಗಣ್ಯ, ಅಡ್ಡಕ್ಕೆ ಬಹಳ. ಡಬಲ್ ಬಾಸ್‌ನ ಹಲಗೆ ಅರವತ್ತು ಸೆಂಟಿಮೀಟರ್‌ಗಿಂತ ಅಗಲ. ಹಿಗ್ಗಿ ಕುಗ್ಗುವ ಮೊತ್ತ ಪಿಟೀಲಿನ ಮೂರು ಪಟ್ಟಾಯಿತು. ಅಂಚುಗಳನ್ನು ಪಕ್ಕದ ಹಲಗೆ ಹಿಡಿದಿಟ್ಟಿರುವಾಗ ನಡುವೆ ಕುಗ್ಗಿದರೆ ಎಲ್ಲೋ ಒಂದು ಕಡೆ ಬಿಡಲೇಬೇಕು. ಸಾಂಪ್ರದಾಯಿಕ ತಯಾರಕರು ಇದನ್ನು ಬಲ್ಲವರು. ಅದಕ್ಕೇ ಹಲಗೆ ಮತ್ತು ಪಕ್ಕದ ಕೂಡುಗೆಗೆ ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟನ್ನೇ ಬಳಸುತ್ತಾರೆ. ಒತ್ತಡ ಮಿತಿಮೀರಿದಾಗ ಮರ ಸೀಳುವ ಮೊದಲು ಅಂಟು ಬಿಟ್ಟುಕೊಡುತ್ತದೆ. ಕೂಡುಗೆ ಬಿಟ್ಟು ಝರ್ ಎಂದು ಸದ್ದು ಬಂದರೆ ಗಾಬರಿಯಾಗಬೇಕಿಲ್ಲ. ಮತ್ತೆ ಬಿಸಿ ಅಂಟು ಹಾಕಿ ಕ್ಲ್ಯಾಂಪ್ ಬಿಗಿದರೆ ಸರಿಹೋಗುತ್ತದೆ. ಆದರೆ ಅಲ್ಲಿ ಫೆವಿಕಾಲ್ ಆಗಲಿ ಫೆವಿಕ್ವಿಕ್ ಆಗಲಿ ಹಾಕಲೇಬಾರದು. ಹಾಕಿದರೆ ಮುಂದಿನ ಸಲ ಬಿಟ್ಟುಕೊಡುವುದು ಅಂಟಲ್ಲ, ಮರ.

ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ಗಾಳಿಯ ತೇವ ಶೇಕಡಾ 20ರ ಮಟ್ಟಕ್ಕೆ ಇಳಿಯುವುದುಂಟು. ವಾದ್ಯಕ್ಕೆ ಹಿತವಾದದ್ದು 40ರಿಂದ 60. ಅಲ್ಲಿ ಪೂರ್ತಿ ಕೆತ್ತಿದ ವಾದ್ಯ ಇಟ್ಟುಕೊಳ್ಳುವವರು ಕೋಣೆಗೆ ಹ್ಯೂಮಿಡಿಫೈಯರ್, ಗೋಡೆಗೆ ತೇವಮಾಪಕ ಇಟ್ಟುಕೊಳ್ಳಲೇಬೇಕು. ಅದು ಐಚ್ಛಿಕವಲ್ಲ. ನಮ್ಮ ಕಡೆ ಬೇರೆ ಥರ. ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೂ ಒಣ ಹವೆ, ಆಮೇಲೆ ತಿಂಗಳುಗಟ್ಟಲೆ ತೇವ. ಮಂಗಳೂರು, ಮುಂಬೈಗಳಲ್ಲಿ ಮಳೆಗಾಲವಿಡೀ ಮರ ಊದಿಕೊಂಡಿರುತ್ತದೆ, ಅದರ ನಡುವೆ ಏಸಿ ಕೋಣೆಗೆ ಒಯ್ದರೆ ಗಂಟೆಗಳಲ್ಲಿ ಒಣಗತೊಡಗುತ್ತದೆ. ವಾದ್ಯವನ್ನು ಸೀಳುವುದು ಹೆಚ್ಚಾಗಿ ಈ ಹಠಾತ್ ಏರಿಳಿತ. ಸದಾ ತೇವ ಇರುವ ಊರಿಗಿಂತ ತೇವ ಮತ್ತು ಒಣ ಅದಲುಬದಲಾಗುವ ಕೋಣೆ ಹೆಚ್ಚು ಅಪಾಯದ್ದು.

ಹವೆಯ ಜೊತೆ ತಂತಿಯ ಎತ್ತರವೂ ಬದಲಾಗುತ್ತದೆ. ತೇವ ಏರಿದಾಗ ಮುಂದಿನ ಹಲಗೆ ಉಬ್ಬಿ ಕುದುರೆಯನ್ನು ಎತ್ತುತ್ತದೆ, ತಂತಿ ಬೆರಳಿಗೆ ಭಾರವಾಗುತ್ತದೆ; ಒಣಗಿದಾಗ ಇಳಿದು ಫಿಂಗರ್‌ಬೋರ್ಡ್‌ಗೆ ಬಡಿಯುತ್ತದೆ. ಇದಕ್ಕಾಗಿ ಕುದುರೆಯ ಎರಡೂ ಕಾಲಿಗೆ ತಿರುಗಿಸುವ ಚಕ್ರಗಳನ್ನು ಹಾಕಿಸಿಕೊಳ್ಳುವುದು ಜಾಣತನ. ಹೈಬ್ರಿಡ್‌ನಲ್ಲೂ ಈ ಕಾಟ ಇದ್ದೇ ಇದೆ, ಯಾಕೆಂದರೆ ಅದರ ಮುಂದಿನ ಹಲಗೆಯೂ ಗಟ್ಟಿ ಮರವೇ. ತಪ್ಪುವುದು ಬೆನ್ನಿನ ಬಿರುಕು ಮಾತ್ರ. ಆದರೆ ಆ ತಪ್ಪುವಿಕೆ ಸಣ್ಣದಲ್ಲ. ಕೆತ್ತಿದ ಬೆನ್ನಿನಲ್ಲಿ ಸೌಂಡ್‌ಪೋಸ್ಟ್ ಒತ್ತುವ ಜಾಗದಲ್ಲಿ ಬಿರುಕು ಬಿಟ್ಟರೆ ವಾದ್ಯವನ್ನು ಬಿಚ್ಚಿ ಒಳಗಿನಿಂದ ತೇಪೆ ಕೂರಿಸಬೇಕು. ಅದರ ಖರ್ಚಿನಲ್ಲಿ ಕೆಲವೊಮ್ಮೆ ಒಂದು ಸಾಧಾರಣ ವಾದ್ಯವೇ ಬರುತ್ತದೆ.

ಫ್ಲಾಟ್‌ಬ್ಯಾಕ್ ಎಂಬ ಇನ್ನೊಂದು ಬಗೆ ಇದೆ. ಬೆನ್ನು ಉಬ್ಬಿರದೆ ಚಪ್ಪಟೆಯಾಗಿರುತ್ತದೆ, ಒಳಗೆ ಅಡ್ಡಪಟ್ಟಿಗಳು. ಕೆತ್ತಿದ ವಾದ್ಯಗಳ ಸಾಲಿನಲ್ಲೇ ಮಾರುತ್ತಾರೆ. ದನಿ ಚುರುಕು, ನೋಡಲು ಚೆಂದ. ಆದರೆ ಬೆನ್ನು ಅಗಲಕ್ಕೆ ಹಿಗ್ಗಲು ನೋಡಿದಾಗ ಅಡ್ಡಪಟ್ಟಿ ಬಿಡುವುದಿಲ್ಲ. ಹವೆ ಏರುಪೇರಾಗುವ ಊರಿನಲ್ಲಿ, ಹತ್ತಿರ ನುರಿತ ರಿಪೇರಿಗಾರರಿಲ್ಲದಿದ್ದರೆ, ನಾನು ಇದನ್ನು ಕೊಳ್ಳಲು ಹೇಳುವುದಿಲ್ಲ.

ರಿಪೇರಿಯ ಮಾತು ಭಾರತದಲ್ಲಿರುವವರಿಗೆ ಎಲ್ಲಕ್ಕಿಂತ ದೊಡ್ಡದು. ಪಿಟೀಲು ಸರಿಮಾಡುವ ಒಳ್ಳೆಯ ಕೈಗಳು ನಮ್ಮ ಊರುಗಳಲ್ಲಿವೆ. ಆದರೆ ಪಿಟೀಲಿನ ಸೌಂಡ್‌ಪೋಸ್ಟ್ ಆರು ಮಿಲಿಮೀಟರ್ ಚಿಲ್ಲರೆ ದಪ್ಪ, ಬಾಸ್‌ನದು ಹದಿನೆಂಟು-ಹತ್ತೊಂಬತ್ತು. ಅದನ್ನು ಎಫ್ ಆಕಾರದ ರಂಧ್ರದ ಮೂಲಕ ಇಳಿಸಿ ನಿಲ್ಲಿಸಲು ಬೇರೆಯದೇ ಸಲಕರಣೆ, ಬೇರೆಯದೇ ರೂಢಿ ಬೇಕು. ಬೆಂಗಳೂರಿನಲ್ಲಿ ವಾದ್ಯ ಇಟ್ಟುಕೊಳ್ಳುವವರು, ವೃತ್ತಿಪರ ಆರ್ಕೆಸ್ಟ್ರಾ ಗುರಿಯಲ್ಲದಿದ್ದರೆ, ಹೈಬ್ರಿಡ್‌ನತ್ತ ಒಲಿಯುವುದೇ ವಿವೇಕ. ಬೆನ್ನು ಪಕ್ಕಗಳ ಚಿಂತೆ ಇಲ್ಲದಿರುವುದು ಇಲ್ಲಿ ದೊಡ್ಡ ನೆಮ್ಮದಿ.

ಅಂಗಡಿಯಲ್ಲಿ ನೋಡಬೇಕಾದ್ದು

ಚೀಟಿಯಲ್ಲಿ ಬರೆದದ್ದನ್ನು ಕಣ್ಣಾರೆ ಪರೀಕ್ಷಿಸಿ. ಎಫ್ ರಂಧ್ರದ ಅಂಚನ್ನು ಬೆಳಕಿನಲ್ಲಿ ನೋಡಿ: ಪ್ಲೈ ಆಗಿದ್ದರೆ ಅಂಚಿನಲ್ಲಿ ಪದರಗಳ ಗೆರೆ ಕಾಣುತ್ತದೆ, ಗಟ್ಟಿ ಮರವಾಗಿದ್ದರೆ ಮೇಲ್ಮೈಯ ಎಳೆಯೇ ದಪ್ಪದುದ್ದಕ್ಕೂ ಇಳಿದಿರುತ್ತದೆ. ಕೆಲವರು ಈ ಅಂಚಿಗೆ ಕಪ್ಪು ಬಣ್ಣ ಬಳಿದಿರುತ್ತಾರೆ. ಆಗ ಬೆನ್ನಿಗೆ ಹೋಗಿ. ಹೊರಗೆ ಕಾಣುವ ಮರದ ಗುರುತು, ಗಂಟು, ಪಟ್ಟೆ ಒಳಗೂ ಅದೇ ಜಾಗದಲ್ಲಿ ಇದೆಯೇ ಎಂದು ಸಣ್ಣ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿ. ಒಳಗೆ ಬೇರೆ ಮರ ಕಂಡರೆ ಅದು ಪದರದ್ದು. ಅಂಚಿನ ಸುತ್ತ ಕಾಣುವ ಜೋಡಿ ಗೆರೆಯನ್ನು ಒಳ್ಳೆಯ ವಾದ್ಯದಲ್ಲಿ ಕೊರೆದು ಮರದ ಪಟ್ಟಿ ಕೂರಿಸಿರುತ್ತಾರೆ, ಅಗ್ಗದ್ದರಲ್ಲಿ ಬಣ್ಣದಲ್ಲಿ ಬರೆದಿರುತ್ತಾರೆ.

‘ಸಾಲಿಡ್ ಟಾಪ್’ ಎಂದರೆ ಕೆತ್ತಿದ ಹಲಗೆ ಎಂದೇ ತಿಳಿಯಬೇಡಿ. ತೆಳು ಗಟ್ಟಿ ಹಲಗೆಯನ್ನು ಬಿಸಿ ಮಾಡಿ ಅಚ್ಚಿನಲ್ಲಿ ಒತ್ತಿ ಉಬ್ಬು ಬರಿಸುವವರಿದ್ದಾರೆ. ಮರ ಗಟ್ಟಿಯೇ, ಆದರೆ ಕೆತ್ತಿದ್ದಲ್ಲ. ವರ್ಷಗಳು ಕಳೆದಂತೆ ಅದು ತನ್ನ ಹಳೆಯ ಚಪ್ಪಟೆ ರೂಪಕ್ಕೆ ಮರಳಲು ಎಳೆಯುತ್ತದೆ. ಕೆತ್ತಿದ್ದೋ ಒತ್ತಿದ್ದೋ ಎಂದು ನೇರವಾಗಿ ಕೇಳಿ. ಬಾಸ್ ಬಾರ್ ಬೇರೆಯಾಗಿ ಅಂಟಿಸಿದ್ದೇ ಎಂದೂ ಕೇಳಿ. ಅಗ್ಗದ ಕೆಲವು ವಾದ್ಯಗಳಲ್ಲಿ ಹಲಗೆಯ ಮರದಲ್ಲೇ ಒಂದು ಏಣನ್ನು ಬಿಟ್ಟು ಅದನ್ನೇ ಬಾರ್ ಅನ್ನುತ್ತಾರೆ.

ಅತಿ ಅಗ್ಗದ ‘ಪೂರ್ತಿ ಕೆತ್ತಿದ’ ವಾದ್ಯದ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಕೆತ್ತನೆಯಲ್ಲಿ ಕೊನೆಯ ಹದಕ್ಕೆ ಹಿಡಿಯುವ ಸಮಯವೇ ದುಬಾರಿ. ಬೆಲೆ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೆ. ಹಲಗೆ ದಪ್ಪಗೇ ಉಳಿಯುತ್ತದೆ, ಮರ ಸಾಕಷ್ಟು ಒಣಗಿರುವುದಿಲ್ಲ, ಮೇಲೆ ದಪ್ಪ ವಾರ್ನಿಷ್. ಅದೇ ಹಣಕ್ಕೆ ಒಳ್ಳೆಯ ಕಾರ್ಖಾನೆಯ ಹೈಬ್ರಿಡ್ ಸಿಗುವುದಾದರೆ ಕಣ್ಣು ಮುಚ್ಚಿ ಹೈಬ್ರಿಡ್ ಕೊಳ್ಳಿ. ಇಂದು ಈ ನಡು ಬೆಲೆಯ ಬಹುಪಾಲು ವಾದ್ಯಗಳು ಚೀನಾದಿಂದ ಬರುತ್ತವೆ. ಶೆನ್, ಈಸ್ಟ್‌ಮನ್, ಕ್ರಿಸ್ಟಫರ್‌ನಂಥ ಹೆಸರುಗಳು ಅಮೆರಿಕದ ಬಾಸ್ ಅಂಗಡಿಗಳಲ್ಲಿ ಮಾಮೂಲು. ಚೀನಾದ್ದು ಎಂದು ಮೂಗು ಮುರಿಯುವ ಕಾಲ ಮುಗಿದಿದೆ. ಜರ್ಮನಿಯ ಮಿಟೆನ್‌ವಾಲ್ಡ್, ಮಾರ್ಕ್‌ನಾಯ್‌ಕಿರ್ಖೆನ್ ಊರುಗಳ ವಾದ್ಯಗಳಿಗೆ ಅವುಗಳದೇ ಗೌರವವಿದೆ, ಬೆಲೆಯೂ ಹಾಗೆಯೇ ಇದೆ.

ಹಳೆಯ ವಾದ್ಯದ ಒಳಗಿನ ಚೀಟಿಯನ್ನು ನಂಬಿ ಹಣ ಕೊಡಬೇಡಿ. ಬಾಸ್ ವಾದಕ ಸೆರ್ಗೆ ಕುಸೆವಿಟ್‌ಸ್ಕಿ ನುಡಿಸುತ್ತಿದ್ದ ಬಾಸ್ ಅವರ ಪತ್ನಿಯ ಮೂಲಕ 1962ರಲ್ಲಿ ಇನ್ನೊಬ್ಬ ಬಾಸ್ ವಾದಕ ಗ್ಯಾರಿ ಕಾರ್ ಕೈಗೆ ಬಂತು. ಅದು 1611ರಲ್ಲಿ ಕ್ರೆಮೋನಾದ ಅಮಾಟಿ ಸಹೋದರರು ಮಾಡಿದ್ದೆಂದು ಲೋಕವೇ ನಂಬಿತ್ತು. ಆಮೇಲೆ ಮುಂದಿನ ಹಲಗೆಯ ವಾರ್ಷಿಕ ಉಂಗುರಗಳನ್ನು ಅಳೆದಾಗ ಆ ಮರ 18ನೆಯ ಶತಮಾನದಲ್ಲೂ ಕಾಡಿನಲ್ಲಿ ಬೆಳೆಯುತ್ತಿತ್ತೆಂದು ತಿಳಿಯಿತು. ಅದರ ನಾದ ಆ ದಿನ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅಂಥ ವಾದ್ಯದ ಹುಟ್ಟಿನಲ್ಲೇ ಒಂದೂವರೆ ಶತಮಾನದ ತಪ್ಪು ನಡೆಯಬಹುದಾದರೆ, ಸಾವಿರಾರು ಡಾಲರ್ ಕೊಡುವಾಗ ನಂಬಬೇಕಾದದ್ದು ಕಿವಿಯನ್ನು ಮತ್ತು ಗುರುಗಳ ಕೈಯನ್ನು.

ಹೋಲಿಸಿ ಕೇಳುವಾಗ ಒಂದೇ ಕೋಣೆ, ಒಂದೇ ಕಮಾನು, ಸಾಧ್ಯವಾದರೆ ಒಂದೇ ತಂತಿಗಳಿರಲಿ. ಇದು ಬಹಳ ಮುಖ್ಯ. ಒಂದರಲ್ಲಿ ಹೊಸ ಸ್ಪಿರೊಕೋರ್ ತಂತಿ, ಇನ್ನೊಂದರಲ್ಲಿ ಕಾರ್ಖಾನೆಯ ಸಾದಾ ತಂತಿ ಇದ್ದರೆ ನೀವು ಕೇಳುತ್ತಿರುವುದು ಮರದ ವ್ಯತ್ಯಾಸವನ್ನಲ್ಲ. ಮೊದಲು ತೀರಾ ಮೆತ್ತಗೆ ನುಡಿಸಿ. ಜೋರಾಗಿ ಎಲ್ಲ ವಾದ್ಯವೂ ದನಿ ಕೊಡುತ್ತದೆ, ಮೆತ್ತಗೆ ನುಡಿಸಿದಾಗ ಎಷ್ಟು ಬೇಗ ಬಾಯಿಬಿಡುತ್ತದೆ ಎಂಬುದರಲ್ಲಿ ಅದರ ಗುಣ ಇದೆ. ಆಮೇಲೆ ಪ್ರತಿ ತಂತಿಯಲ್ಲೂ ಸ್ವರ ಸ್ವರವಾಗಿ ನಿಧಾನಕ್ಕೆ ಏರಿ. ಎಲ್ಲೋ ಒಂದು ಕಡೆ, ಹೆಚ್ಚಾಗಿ ಜಿ ತಂತಿಯ ಎ ಸ್ವರದ ಆಸುಪಾಸಿನಲ್ಲಿ, ದನಿ ತೊದಲಿ ಗುರುಗುಟ್ಟುತ್ತದೆ. ಇದಕ್ಕೆ ವುಲ್ಫ್ ಎನ್ನುತ್ತಾರೆ. ಚೆನ್ನಾಗಿ ಅನುರಣಿಸುವ ಕೆತ್ತಿದ ವಾದ್ಯಗಳಲ್ಲೇ ಇದು ಹೆಚ್ಚು. ಸ್ವಲ್ಪವಿದ್ದರೆ ಕುದುರೆಯ ಆಚೆ ತಂತಿಗೆ ಸಣ್ಣ ತೂಕ ಹಾಕಿ ಪಳಗಿಸಬಹುದು, ಆ ಸ್ವರವೇ ನುಡಿಸಲಾಗದಿದ್ದರೆ ವಾದ್ಯ ಬಿಟ್ಟುಬಿಡಿ. ಬಳಿಕ ಗುರುಗಳ ಕೈಗೆ ವಾದ್ಯ ಕೊಟ್ಟು ನೀವು ಕೋಣೆಯ ಆ ತುದಿಗೆ ಹೋಗಿ ನಿಲ್ಲಿ. ವಾದ್ಯದ ಹಿಂದೆ ನಿಂತವರಿಗೆ ಕೇಳುವುದೇ ಬೇರೆ, ಸಭಿಕರಿಗೆ ಕೇಳುವುದೇ ಬೇರೆ. ಕತ್ತು ಒಡಲನ್ನು ಸೇರುವ ಜಾಗದಲ್ಲಿ ಹೆಬ್ಬೆರಳು ತಡೆದು ನಿಂತಾಗ ತೋರುಬೆರಳಿನ ಕೆಳಗೆ ಜಿ ತಂತಿಯಲ್ಲಿ ಡಿ ಸ್ವರ ಬರುತ್ತದೋ ಇ-ಫ್ಲಾಟ್ ಬರುತ್ತದೋ ನೋಡಿ. ಎರಡೂ ಸರಿಯೇ, ಆದರೆ ಶಾಲೆಯ ವಾದ್ಯದಲ್ಲಿ ಒಂದು, ಮನೆಯದರಲ್ಲಿ ಇನ್ನೊಂದು ಆದರೆ ಮಗುವಿನ ಕೈ ಗೊಂದಲಕ್ಕೆ ಬೀಳುತ್ತದೆ.

ಕೈಯಲ್ಲಿರುವ ಹಣವನ್ನು ಪೂರ್ತಿ ವಾದ್ಯಕ್ಕೇ ಸುರಿಯಬೇಡಿ. ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬಂದ ಡಬಲ್ ಬಾಸ್ ಅರ್ಧ ಮುಗಿದ ವಾದ್ಯ. ಫಿಂಗರ್‌ಬೋರ್ಡನ್ನು ಸವರಿ ಸರಿಯಾದ ಬಾಗು ಕೊಡಬೇಕು, ಕುದುರೆಯ ಪಾದಗಳು ಹಲಗೆಯ ಉಬ್ಬಿಗೆ ಕೂದಲೆಳೆಯೂ ಬಿಡದಂತೆ ಕೂರಬೇಕು, ಸೌಂಡ್‌ಪೋಸ್ಟ್ ಆ ವಾದ್ಯದ ಒಳಮೈಗೆಂದೇ ಕತ್ತರಿಸಿದ್ದಾಗಿರಬೇಕು. ಫಿಂಗರ್‌ಬೋರ್ಡ್‌ನ ತುದಿಯಲ್ಲಿ ಜಿ ತಂತಿ ಐದಾರು ಮಿಲಿಮೀಟರ್, ಇ ತಂತಿ ಎಂಟೊಂಬತ್ತು ಮಿಲಿಮೀಟರ್ ಎತ್ತರದಲ್ಲಿದ್ದರೆ ಮೀಟುವವರ ಕೈಗೆ ಹಿತ. ಆರ್ಕೆಸ್ಟ್ರಾದಲ್ಲಿ ಕಮಾನಿನಿಂದ ಬಲವಾಗಿ ನುಡಿಸುವವರು ಇನ್ನೂ ಸ್ವಲ್ಪ ಎತ್ತರ ಬಯಸುತ್ತಾರೆ. ಈ ಕೆಲಸಕ್ಕೆ ಕೆಲವು ನೂರು ಡಾಲರ್, ಒಳ್ಳೆಯ ನಾಲ್ಕು ತಂತಿಗಳಿಗೆ 150ರಿಂದ 300 ಡಾಲರ್, ಕಮಾನಿಗೆ ಬೇರೆ. ಹದವಾಗಿ ಕೂರಿಸಿದ ಹೈಬ್ರಿಡ್ ಒಂದು ಕಡೆ, ಪೆಟ್ಟಿಗೆಯಿಂದ ತೆಗೆದು ಹಾಗೇ ನಿಲ್ಲಿಸಿದ ಕೆತ್ತಿದ ವಾದ್ಯ ಇನ್ನೊಂದು ಕಡೆ ಇಟ್ಟರೆ ಗೆಲ್ಲುವುದು ಹೈಬ್ರಿಡ್ಡೇ. ಅಂತರ್ಜಾಲದಲ್ಲಿ ಅಗ್ಗವಾಗಿ ಕಂಡದ್ದನ್ನು ನೇರ ಮನೆಗೆ ತರಿಸಿಕೊಳ್ಳುವವರು ಈ ಖರ್ಚನ್ನು ಸೇರಿಸಿ ನೋಡಿದರೆ ಆ ಅಗ್ಗ ಬಹಳ ಸಲ ಉಳಿಯುವುದಿಲ್ಲ.

ಇನ್ನು ಯಾರಿಗೆ ಯಾವುದು. ಯೂತ್ ಆರ್ಕೆಸ್ಟ್ರಾ, ಸಂಗೀತ ಕಾಲೇಜಿನ ಆಡಿಷನ್ ಎಂದು ಹೊರಟ, ದಿನಾ ಕಮಾನು ಹಿಡಿಯುವ ಹದಿನಾರು-ಹದಿನೇಳರ ಹುಡುಗ ಹುಡುಗಿಯರಿಗೆ ಪೂರ್ತಿ ಕೆತ್ತಿದ್ದು ಬೇಕು. ಅಲ್ಲಿ ಹೈಬ್ರಿಡ್‌ನ ಮಿತಿ ಒಂದೆರಡು ವರ್ಷದಲ್ಲೇ ತಲೆಗೆ ತಾಗುತ್ತದೆ. ಸಂಗೀತ ಬದುಕಿನ ಜೊತೆಗಿರಲಿ, ಆದರೆ ಓದು ಬೇರೆ ಎನ್ನುವವರಿಗೆ, ಜಾಝ್ ನುಡಿಸುವವರಿಗೆ, ವಾದ್ಯವನ್ನು ಊರೂರಿಗೆ ಹೊರುವವರಿಗೆ, ಹವೆ ಹತೋಟಿಯಲ್ಲಿಲ್ಲದ ಮನೆಯವರಿಗೆ ಹೈಬ್ರಿಡ್. ಇನ್ನೂ ಮನಸ್ಸು ಗಟ್ಟಿಯಾಗಿಲ್ಲದಿದ್ದರೆ ಬಾಡಿಗೆ. ಅಮೆರಿಕದ ಹಲವು ಅಂಗಡಿಗಳು ಕೊಟ್ಟ ಬಾಡಿಗೆಯ ಒಂದು ಪಾಲನ್ನು ಮುಂದಿನ ಖರೀದಿಗೆ ವಜಾ ಹಾಕಿಕೊಡುತ್ತವೆ. ಹೈಬ್ರಿಡ್ ಕೊಂಡವರು ಮುಂದೆ ಕೆತ್ತಿದ್ದಕ್ಕೆ ಬದಲಿಸಿಕೊಂಡರೆ ಹಳೆಯದಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿ ಬರೆಸಿಟ್ಟುಕೊಳ್ಳಿ. ಬಾಯಿಮಾತಿನ ಭರವಸೆ ಸಾಲದು.

ಕೊಂಡ ಮೇಲೆ ಮೊದಲ ವರ್ಷ ವಾದ್ಯವನ್ನು ಎರಡು ಸಲ ರಿಪೇರಿಗಾರರ ಬಳಿ ಒಯ್ಯಿರಿ, ಒಣ ಕಾಲದಲ್ಲೊಮ್ಮೆ, ತೇವದ ಕಾಲದಲ್ಲೊಮ್ಮೆ. ಹೊಸ ಹಲಗೆ ತಂತಿಯ ಭಾರಕ್ಕೆ ಹೊಂದಿಕೊಳ್ಳುವಾಗ ಸೌಂಡ್‌ಪೋಸ್ಟ್ ಸಡಿಲವೋ ಬಿಗಿಯೋ ಆಗುತ್ತದೆ. ಅಕಸ್ಮಾತ್ ಅದು ಬಿದ್ದು ಒಳಗೆ ಉರುಳುವ ಸದ್ದು ಕೇಳಿದರೆ ಕೂಡಲೇ ನಾಲ್ಕೂ ತಂತಿಗಳನ್ನು ಸಡಿಲಿಸಿ. ಕೋಲು ಇಲ್ಲದೆ ಪೂರ್ತಿ ಬಿಗಿಯಲ್ಲಿ ನಿಂತರೆ ಮುಂದಿನ ಹಲಗೆ ಕುಸಿಯುತ್ತದೆ, ಅದು ಹೈಬ್ರಿಡ್ ಆದರೂ ಸರಿ, ಪೂರ್ತಿ ಕೆತ್ತಿದ್ದಾದರೂ ಸರಿ.